ಉಪ್ಪಿನಕಾಯಿ ಲೇಬಲ್ಲಿಂದ ತಾಳಮದ್ದಲೆ ವಿಡಿಯೊವರೆಗೆ: ನಮ್ಮ ಹೆಸರು, ನಮ್ಮ ಕೆಲಸ ನಮ್ಮ ಕೈಲೇ ಉಳಿಸ್ಕೊಳ್ಳೋದು ಹೇಗೆ

ಮಾರಿಕಾಂಬಾ ಜಾತ್ರೆಲಿ ಒಂದು ಅಂಗಡಿ ಮುಂದೆ ನಮ್ಮನೆ ಉಪ್ಪಿನಕಾಯಿ ಬಾಟ್ಲಿ ಕಾಣಿಸ್ತು, ಹತ್ರ ಹೋಗಿ ನೋಡಿದ್ರೆ ನಮ್ದಲ್ಲ. ಆದ್ರೆ ಲೇಬಲ್ ಮೇಲಿದ್ದ ಫೋಟೊ ನಮ್ದೇ, ನಮ್ಮತ್ತೆ ಭರಣಿಗೆ ಅಪ್ಪೆಮಿಡಿ ಹಾಕ್ತಿರೋದು, ಅದೇ ಕೈ ಅದೇ ಬಳೆ. ಹೆಸರಲ್ಲಿ ಒಂದಕ್ಷರ ಮಾತ್ರ ಬೇರೆ. ಕೇಳಿದ್ದಕ್ಕೆ ಅಂಗಡಿಯವ್ರು "ನೆಟ್ಟಲ್ಲಿ ಸಿಕ್ತು ಮೇಡಂ, ನೆಟ್ಟಲ್ಲಿರೋದು ಎಲ್ಲರದ್ದೂ ಅಲ್ವಾ" ಅಂದ್ರು. ಅವ್ರಿಗೆ ನಿಜವಾಗ್ಲೂ ಹಾಗೇ ಅನ್ಸಿತ್ತು ಅಂತ ಕಾಣ್ತದೆ.

ಮನೆಗೆ ಬಂದು ದಾಖಲೆ ಹುಡುಕಿದೆ. ಹೆಸರು ರಿಜಿಸ್ಟರ್ ಆಗಿರ್ಲಿಲ್ಲ, ಲೋಗೊ ಮಾಡಿಕೊಟ್ಟವ್ರಿಗೆ ದುಡ್ಡು ಕೊಟ್ಟಿದ್ದೆ ಆದ್ರೆ ಬಿಲ್ ತಗೊಂಡಿರ್ಲಿಲ್ಲ, ಫೋಟೊದ ಒರಿಜಿನಲ್ ಇದ್ದ ಫೋನು ಹಿಂದಿನ ಮಳೆಗಾಲದಲ್ಲೇ ನೀರು ಕುಡಿದು ಹಾಳಾಗಿತ್ತು, ಫೇಸ್‌ಬುಕ್ ಪೇಜಿನ ಅಡ್ಮಿನ್ ನಮ್ಮಲ್ಲಿ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಹುಡುಗ. ಅತ್ತೆ ಹತ್ರ ಹೇಳಿದ್ರೆ "ರಿಜಿಸ್ಟ್ರು ಎಂತಕ್ಕೆ, ನಮ್ಮನೆ ಉಪ್ಪಿನಕಾಯಿ ಊರಿಗೇ ಗೊತ್ತಿದ್ದು" ಅಂದ್ರು. ಊರಲ್ಲಿ ಮಾರೋವರೆಗೆ ಅದು ಸರಿ. ಈಗ ವಾಟ್ಸಾಪಲ್ಲಿ ಆರ್ಡರ್ ಬಂದು ಪುಣೆ, ಹೈದರಾಬಾದಿಗೆ ಕೊರಿಯರ್ ಹೋಗ್ತದೆ, ಅಲ್ಲಿಯವ್ರಿಗೆ ಅತ್ತೆ ಯಾರು ಅಂತ ಗೊತ್ತಿಲ್ಲ, ಲೇಬಲ್ಲೇ ಗುರ್ತು.

ಆವತ್ತಿಂದ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ. ಮನೇಲಿ ಉಪ್ಪಿನಕಾಯಿ, ಹಪ್ಪಳ, ಜೇನು, ಕೋಕಂ ಮಾಡಿ ಮಾರೋರು, ಯಕ್ಷಗಾನದ ಚಾನೆಲ್ ನಡ್ಸೋರು, ಫೋಟೊ ತೆಗೆಯೋರು, ಅಡಕೆ ಕೆಲಸಕ್ಕೆ ಮಷೀನ್ ಕಟ್ಟೋರು, ನಮ್ಮ ಜಿಲ್ಲೇಲಿ ಇಂಥವ್ರು ಮನೆಗೊಬ್ರು ಇದ್ದಾರೆ. ಇವ್ರಿಗೆಲ್ಲ ನಾನು ಹೇಳೋದು ಒಂದೇ: ಮೊದ್ಲು ದಾಖಲೆ ಕಾಗದ, ಆಮೇಲೆ ನೆಟ್ಟಲ್ಲಿ ಪೋಸ್ಟ್.

ಮೊದ್ಲು ಒಂದು ನೋಟ್‌ಬುಕ್

ದುಡ್ಡು ಖರ್ಚಿಲ್ಲದ ಕೆಲಸ ಇದು, ಆದ್ರೆ ಯಾರೂ ಮಾಡಲ್ಲ. ಒಂದು ಸಂಜೆ ಕೂತು ನಿಮ್ಮ ಹತ್ರ ಏನೇನಿದೆ ಬರೀರಿ. ಬ್ರ್ಯಾಂಡ್ ಹೆಸರು, ಲೋಗೊ, ಲೇಬಲ್ ಚಿತ್ರ, ಫೋಟೊಗಳು, ವಿಡಿಯೊ, ನೀವೇ ಬರ್ದ ಪದ್ಯ ಅಥವಾ ಪ್ರಸಂಗ, ಮಸಾಲೆ ಅಳತೆ, ಮಷೀನಿನ ಐಡಿಯಾ, ಡೊಮೇನ್ (ವೆಬ್‌ಸೈಟಿನ ವಿಳಾಸ), ಇನ್‌ಸ್ಟಾಗ್ರಾಂ ಯೂಟ್ಯೂಬ್ ಅಕೌಂಟು, ಗಿರಾಕಿಗಳ ನಂಬರ್ ಲಿಸ್ಟು. ಪ್ರತಿಯೊಂದರ ಮುಂದೆ ನಾಕು ವಿಷ್ಯ: ಮಾಡಿದ್ದು ಯಾರು, ಯಾವಾಗ, ಸಾಕ್ಷಿ ಏನಿದೆ, ಪಾಸ್‌ವರ್ಡ್ ಯಾರ ಹತ್ರ ಇದೆ. ಕೊನೇದು ಬರೆಯುವಾಗ್ಲೇ ಹೆಚ್ಚಿನವ್ರಿಗೆ ಎದೆ ಧಸಕ್ಕನ್ನೋದು. ಪೇಜು ಚಾನೆಲ್ಲು ಡೊಮೇನು ಎಲ್ಲ ನಿಮ್ಮದೇ ಇಮೇಲು, ನಿಮ್ಮದೇ ಫೋನ್ ನಂಬರಿಗೆ ಇರ್ಬೇಕು, ಹುಡುಗ್ರಿಗೆ ಕೆಲಸ ಮಾಡೋಷ್ಟು ಆಕ್ಸೆಸ್ ಕೊಡಿ ಸಾಕು, ಒಡೆತನ ಕೊಡ್ಬೇಡಿ. ಎರಡು ಹಂತದ ಲಾಗಿನ್ ಆನ್ ಮಾಡಿ. ಫೋಟೊ ವಿಡಿಯೊದ ಒರಿಜಿನಲ್ ಫೈಲು ಎರಡು ಕಡೆ ಇಡಿ, ವಾಟ್ಸಾಪಿಂದ ಬಂದ ಕಾಪಿ ಸಾಕ್ಷಿಗೆ ಉಪಯೋಗ ಕಡಿಮೆ, ಯಾಕಂದ್ರೆ ತೆಗೆದ ದಿನ, ಕ್ಯಾಮೆರಾ ವಿವರ ಎಲ್ಲ ಅದರಲ್ಲಿ ಹೋಗಿಬಿಡ್ತದೆ.

ಮಾಡಿಕೊಟ್ಟವ್ರ ಹತ್ರ ಸಹಿ

ದುಡ್ಡು ಕೊಟ್ಟೆ ಅಂದ್ಮೇಲೆ ಲೋಗೊ ನಂದೇ ಅಂತ ನಾನೂ ತಿಳ್ಕೊಂಡಿದ್ದೆ. ಕಾಪಿರೈಟ್ (ಕೃತಿ ಮೇಲಿನ ಹಕ್ಕು) ಕಾಯ್ದೆ 1957ರ ಪ್ರಕಾರ ಕೃತಿ ಮಾಡಿದವ್ರೇ ಮೊದಲ ಒಡೆಯರು. ಸಂಬಳಕ್ಕಿರೋ ನೌಕರ ಕೆಲಸದ ಭಾಗವಾಗಿ ಮಾಡಿದ್ರೆ ಮಾಲೀಕರದ್ದು, ದುಡ್ಡು ಕೊಟ್ಟು ತೆಗೆಸಿದ ಫೋಟೊ, ಮಾಡಿಸಿದ ವಿಡಿಯೊ ಬೇರೆ ಒಪ್ಪಂದ ಇಲ್ದಿದ್ರೆ ತೆಗೆಸಿದವ್ರದ್ದು. ಹೊರಗಿನ ಡಿಸೈನರ್ ಮಾಡಿದ ಲೋಗೊ ಹಾಗಲ್ಲ, ಅವ್ರು ಬರವಣಿಗೆಯಲ್ಲಿ ವರ್ಗಾಯಿಸಿ ಸಹಿ ಹಾಕ್ಬೇಕು, ಬಾಯಿಮಾತು ನಡೆಯಲ್ಲ.

ಆ ಹಾಳೇಲಿ ಏನು ಬರೀಬೇಕು ಅನ್ನೋದೇ ಮುಖ್ಯ. ಎಷ್ಟು ವರ್ಷಕ್ಕೆ ಅಂತ ಬರೀದೇ ಇದ್ರೆ ಕಾನೂನು 5 ವರ್ಷ ಅಂತ ಹಿಡೀತದೆ, ಯಾವ ಜಾಗಕ್ಕೆ ಅಂತ ಬರೀದಿದ್ರೆ ಭಾರತ ಮಾತ್ರ. ವರ್ಗಾಯಿಸ್ಕೊಂಡವ್ರು ಒಂದು ವರ್ಷದೊಳಗೆ ಬಳಸದೇ ಇದ್ರೆ, ಬೇರೆ ಥರ ಬರ್ದಿಲ್ದಿದ್ರೆ, ಹಕ್ಕು ವಾಪಸ್ ಹೋಗ್ತದೆ. ಹಂಗಾಗಿ "ಕಾಪಿರೈಟ್ ಇರೋ ಪೂರ್ತಿ ಅವಧಿಗೆ, ಇಡೀ ಜಗತ್ತಿಗೆ, ಪ್ರಿಂಟು ಇಂಟರ್ನೆಟ್ಟು ಎಲ್ಲ ಕಡೆ ಬಳಸಕ್ಕೆ, ಇಷ್ಟು ರೂಪಾಯಿ ತಗೊಂಡು, ಬಳಕೆ ತಡ ಆದ್ರೂ ಹಕ್ಕು ವಾಪಸ್ ಹೋಗದ ಹಾಗೆ ಕೊಟ್ಟಿದ್ದೇನೆ" ಅಂತ ಕನ್ನಡದಲ್ಲೇ ಬರೆಸಿ, ಡಿಸೈನಿನ ಪ್ರಿಂಟ್ ಜೊತೆ ಪಿನ್ ಮಾಡಿ ಇಬ್ರೂ ಸಹಿ ಹಾಕಿ. ತಿದ್ದಕ್ಕಾಗೋ ಒರಿಜಿನಲ್ ಫೈಲೂ ಆವತ್ತೇ ಇಸ್ಕೊಳ್ಳಿ. ಡಿಸೈನರಿಗೂ ಇದು ಒಳ್ಳೇದೇ, ಯಾವುದಕ್ಕೆ ದುಡ್ಡು ಬಂತು ಅಂತ ಅವ್ರಿಗೂ ಸ್ಪಷ್ಟ ಇರ್ತದೆ.

ಮಹಿಳಾ ಸಂಘದವ್ರಿಗೆ ಒಂದು ಮಾತು. ಹತ್ತು ಜನ ಸೇರಿ ಬೆಳೆಸಿದ ಹೆಸರನ್ನ ಅನುಕೂಲಕ್ಕೆ ಅಂತ ಒಬ್ಬರ ಹೆಸರಲ್ಲಿ ರಿಜಿಸ್ಟರ್ ಮಾಡಿಸ್ಬೇಡಿ. ಕಾಗದದಲ್ಲಿ ಅದು ಅವ್ರೊಬ್ಬರದ್ದೇ ಆಗ್ತದೆ, ನಾಳೆ ಸಂಘ ಒಡೆದ್ರೆ ಉಳಿದ ಒಂಬತ್ತು ಜನ ಹೊರಗೆ.

ಹೆಸರು: ಇಲ್ಲಿ ಸ್ವಲ್ಪ ದುಡ್ಡು ಹಾಕಿ

ಎಲ್ಲದಕ್ಕೂ ರಿಜಿಸ್ಟ್ರೇಷನ್ ಮಾಡಿಸಕ್ಕೆ ನಮ್ಮಂಥವ್ರ ಕೈಲಾಗಲ್ಲ, ಬೇಕೂ ಇಲ್ಲ. ಒಂದಕ್ಕೇ ದುಡ್ಡಿದೆ ಅಂದ್ರೆ ಹೆಸರಿಗೆ ಹಾಕಿ, ಅಂದ್ರೆ ಟ್ರೇಡ್‌ಮಾರ್ಕು. ಲೇಬಲ್ ಬಣ್ಣ ನಾಕು ವರ್ಷಕ್ಕೊಮ್ಮೆ ಬದಲಾಗ್ತದೆ, ಹೆಸರು ಬದಲಾಗಲ್ಲ. ಅದಕ್ಕೇ ಬರೀ ಹೆಸರಿಗೆ, ಅಂದ್ರೆ ವರ್ಡ್ ಮಾರ್ಕಿಗೆ ಮೊದ್ಲು ಅರ್ಜಿ ಹಾಕಿ, ಲೋಗೊ ಆಮೇಲೆ ನೋಡಿದ್ರಾಯ್ತು.

ಹೆಸರು ಇಡೋವಾಗ್ಲೇ ಯೋಚ್ನೆ ಮಾಡಿದ್ರೆ ಅರ್ಧ ಕೆಲಸ ಆದ ಹಾಗೆ. "ಶಿರಸಿ ಅಪ್ಪೆಮಿಡಿ", "ಮಲೆನಾಡು ಜೇನು", "ಕುಮಟಾ ಹೋಂ ಫುಡ್ಸ್" ಇಂಥವು ಊರು ಮತ್ತೆ ಪದಾರ್ಥ ಹೇಳ್ತವೆ ಅಷ್ಟೇ, ಅದನ್ನ ಒಬ್ಬರಿಗೇ ಅಂತ ಕೊಡಕ್ಕೆ ಟ್ರೇಡ್‌ಮಾರ್ಕ್ ರಿಜಿಸ್ಟ್ರಿ (ನೋಂದಣಿ ಕಚೇರಿ) ಒಪ್ಪೋದು ಕಷ್ಟ, ಕೊಡ್ಬಾರ್ದು ಕೂಡ, ಯಾಕಂದ್ರೆ ಅದು ಊರವ್ರೆಲ್ಲ ಬಳಸೋ ಮಾತು. ಅನಂತಭಟ್ಟನ ಅಪ್ಪೆ ಅನ್ನೋದು ಮಾವಿನ ತಳಿ ಹೆಸರು, ತೊಡದೇವು ತಿಂಡಿ ಹೆಸರು, ಅವೂ ಬ್ರ್ಯಾಂಡ್ ಆಗಲ್ಲ. ಪದಾರ್ಥಕ್ಕೆ ನೇರ ಸಂಬಂಧ ಇಲ್ಲದ ಹೆಸರು ಗಟ್ಟಿ, ಹಕ್ಕಿ ಹೆಸರು, ಮನೆ ಹಿಂದಿನ ಹಳ್ಳದ ಹೆಸರು, ಅಜ್ಜಿ ಕರೀತಿದ್ದ ಅಡ್ಡಹೆಸರು, ಹಂಗೆ.

ಆಮೇಲೆ ಟ್ರೇಡ್‌ಮಾರ್ಕ್ ನೋಂದಣಿಯ ಸರ್ಕಾರಿ ವೆಬ್‌ಸೈಟು ಐಪಿ ಇಂಡಿಯಾದಲ್ಲಿ ಪಬ್ಲಿಕ್ ಸರ್ಚ್ ಮಾಡಿ, ಫ್ರೀ. ಅಕ್ಷರ ಒಂದೇ ಇರೋದು ಮಾತ್ರ ಅಲ್ಲ, ಕೇಳಕ್ಕೆ ಒಂದೇ ಥರ ಇರೋದೂ ನೋಡಿ, ಅದಕ್ಕೆ ಫೊನೆಟಿಕ್ ಸರ್ಚ್ ಅಂತ ಆಯ್ಕೆ ಉಂಟು. ಅದೇ ದಿನ ಡೊಮೇನು, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಹೆಸರೂ ಖಾಲಿ ಇದೆಯಾ ನೋಡಿ ಹಿಡಿದಿಟ್ಕೊಳ್ಳಿ.

ಅರ್ಜಿ ಫಾರಂ ಹೆಸರು ಟಿಎಂ-ಎ. ವ್ಯಕ್ತಿ, ಸ್ಟಾರ್ಟಪ್ ಅಥವಾ ಸಣ್ಣ ಉದ್ಯಮ ಆದ್ರೆ ಆನ್‌ಲೈನ್ ಶುಲ್ಕ ಒಂದು ಕ್ಲಾಸಿಗೆ 4500 ರೂಪಾಯಿ, ಉಳಿದವ್ರಿಗೆ 9000. ಸಣ್ಣ ಉದ್ಯಮ ಅಂತ ತೋರ್ಸಕ್ಕೆ ಉದ್ಯಮ್ ಸರ್ಟಿಫಿಕೇಟ್ ಬೇಕು, ಅದು ಸರ್ಕಾರಿ ಪೋರ್ಟಲ್ಲಲ್ಲಿ ಪೂರ್ತಿ ಉಚಿತ, ದುಡ್ಡು ಕೇಳೋ ಸೈಟಿಗೆ ಹೋಗ್ಬೇಡಿ. ಕ್ಲಾಸ್ ಅಂದ್ರೆ ಪದಾರ್ಥದ ಗುಂಪು. ಉಪ್ಪಿನಕಾಯಿ 29, ಜೇನು ಮಸಾಲೆಪುಡಿ 30, ಹಸಿ ಕೃಷಿ ಉತ್ಪನ್ನ 31, ಕೋಕಂ ಶರಬತ್ತು 32, ಯಕ್ಷಗಾನದಂಥ ಮನರಂಜನೆ 41. ಎಲ್ಲ ಕ್ಲಾಸಿಗೂ ಹಾಕಕ್ಕೆ ಹೋಗ್ಬೇಡಿ, ಹೆಚ್ಚು ಮಾರಾಟ ಆಗೋ ಒಂದೆರಡು ಸಾಕು. ಹೆಸರು ಕನ್ನಡ ಲಿಪೀಲಿದ್ರೆ ಅದರ ಉಚ್ಚಾರ ಮತ್ತೆ ಅರ್ಥ ಇಂಗ್ಲಿಷ್ ಅಥವಾ ಹಿಂದೀಲಿ ಕೊಡ್ಬೇಕು.

ಇನ್ನೊಂದು ಬಹಳ ಮುಖ್ಯ. ಈಗಾಗ್ಲೇ ಆ ಹೆಸರಲ್ಲಿ ಮಾರ್ತಿದೀರಿ ಅಂದ್ರೆ ಯಾವತ್ತಿಂದ ಅಂತ ಅರ್ಜೀಲಿ ಹೇಳಿ, ಅಫಿಡವಿಟ್ ಜೊತೆ ಹಳೇ ಬಿಲ್ಲು, ಪ್ರಿಂಟಿಂಗ್ ಪ್ರೆಸ್ಸಿನ ರಸೀದಿ, ಮೇಳದಲ್ಲಿ ಸ್ಟಾಲ್ ಹಾಕಿದ ಚೀಟಿ ಲಗತ್ತಿಸಿ. ನಮ್ಮ ಕಾನೂನಲ್ಲಿ ಮೊದ್ಲು ಬಳಸ್ತಾ ಬಂದವ್ರಿಗೆ ಬೆಲೆ ಇದೆ, ಆಮೇಲೆ ಬಂದು ರಿಜಿಸ್ಟರ್ ಮಾಡಿಸ್ಕೊಂಡವ್ರೂ ಅವ್ರನ್ನ ಸುಲಭಕ್ಕೆ ನಿಲ್ಲಿಸಕ್ಕಾಗಲ್ಲ. ಹಳೇ ಬಿಲ್ ಬುಕ್ ಒಲೆಗೆ ಹಾಕ್ಬೇಡಿ.

ಅರ್ಜಿ ಹಾಕಿದ್ಮೇಲೆ ಸ್ಟೇಟಸ್ "ಆಬ್ಜೆಕ್ಟೆಡ್" ಅಂತ ಬಂದ್ರೆ ಗಾಬರಿ ಬೇಡ, ಅದು ತಿರಸ್ಕಾರ ಅಲ್ಲ, ಪ್ರಶ್ನೆ ಕೇಳಿದ್ದಾರೆ ಅಷ್ಟೆ. ಆದ್ರೆ ಆ ಪ್ರಶ್ನೆಗಳಿರೋ ಪರೀಕ್ಷಾ ವರದಿ ಕೈಗೆ ಬಂದ ಒಂದು ತಿಂಗಳೊಳಗೆ ಉತ್ತರ ಕೊಡ್ಬೇಕು, ಎಷ್ಟೋ ಅರ್ಜಿ ಸಾಯೋದು ಇಮೇಲ್ ನೋಡ್ದೇ ಇದ್ದಿದ್ದಕ್ಕೆ. ಒಪ್ಪಿದ್ರೆ ಟ್ರೇಡ್‌ಮಾರ್ಕ್ ಜರ್ನಲ್ಲಲ್ಲಿ ಪ್ರಕಟ ಆಗ್ತದೆ, 4 ತಿಂಗಳು ಯಾರಾದ್ರೂ ವಿರೋಧ ಹಾಕ್ಬಹುದು, ಹಾಕ್ಲಿಲ್ಲ ಅಂದ್ರೆ ಸರ್ಟಿಫಿಕೇಟು. 10 ವರ್ಷಕ್ಕೆ ಒಮ್ಮೆ ರಿನ್ಯೂವಲ್. ಅರ್ಜಿ ಹಾಕಿದ ಕೂಡ್ಲೇ ಹೆಸರಿನ ಪಕ್ಕ ಟಿಎಂ ಅಂತ ಹಾಕ್ಬಹುದು, ವೃತ್ತದೊಳಗಿನ ಆರ್ ಮಾತ್ರ ಸರ್ಟಿಫಿಕೇಟ್ ಬಂದ್ಮೇಲೇ, ಅದಕ್ಕೆ ಮುಂಚೆ ಹಾಕೋದು ಕಾನೂನಿಗೆ ವಿರುದ್ಧ. ಅರ್ಜಿ ವಿವರ ಎಲ್ಲರಿಗೂ ಕಾಣೋದ್ರಿಂದ "ಇನ್ನಿಷ್ಟು ಕಟ್ಟಿ" ಅಂತ ಫೋನು ಪತ್ರ ಬರ್ತವೆ, ಸರ್ಕಾರಿ ಪೋರ್ಟಲ್ಲಲ್ಲಿ ನಿಮ್ಮ ನಂಬರ್ ಹಾಕಿ ನೋಡ್ದೇ ಒಂದು ರೂಪಾಯಿನೂ ಕಳಿಸ್ಬೇಡಿ.

ಊರಿನ ಹೆಸರು ಊರಿಗೇ ಸೇರಿದ್ದು

ಶಿರಸಿ ಸುಪಾರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಆ ಊರಿನ ಪದಾರ್ಥ ಅನ್ನೋ ಭೌಗೋಳಿಕ ಗುರುತು ಸಿಕ್ತು, ಅಂಕೋಲಾದ ಕರಿ ಇಶಾಡು ಮಾವಿಗೆ 2023ರಲ್ಲಿ, ಅಪ್ಪೆಮಿಡಿಗೂ ಇದೆ. ಜಿಐ ಯಾರೊಬ್ಬರ ಆಸ್ತಿ ಅಲ್ಲ, ಮಾರಕ್ಕಾಗಲ್ಲ, ಲೈಸೆನ್ಸ್ ಕೊಡಕ್ಕೂ ಆಗಲ್ಲ. ಆದ್ರೆ ಆ ಭಾಗದ ಬೆಳೆಗಾರರು ಚೆನ್ನೈಲಿರೋ ಜಿಐ ರಿಜಿಸ್ಟ್ರೀಲಿ ಅಧಿಕೃತ ಬಳಕೆದಾರ ಅಂತ ನೋಂದಣಿ ಮಾಡಿಸ್ಕೊಂಡು ಜಿಐ ಗುರುತು ಹಾಕ್ಬಹುದು, ಅರ್ಜಿ ಶುಲ್ಕ 2020ರಲ್ಲಿ 500ರಿಂದ 10 ರೂಪಾಯಿಗೆ ಇಳಿಸಿದ್ದಾರೆ. ಹತ್ತು ರೂಪಾಯಿ! ಆನ್‌ಲೈನಲ್ಲಿ ಎಲ್ಲಿಂದಲೋ ಬಂದ ಅಡಕೆಗೆ ಶಿರಸಿ ಹೆಸರು ಹಚ್ಚಿ ಮಾರೋರ ಎದುರು ನಿಮ್ಮ ಪ್ಯಾಕೆಟ್ ಬೇರೆ ಕಾಣ್ಬೇಕು ಅಂದ್ರೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ನಿಮ್ಮ ಬ್ರ್ಯಾಂಡ್ ಹೆಸರು ಒಂದು, ಜಿಐ ಒಂದು, ಎರಡೂ ಲೇಬಲ್ ಮೇಲೆ ಬರ್ಲಿ.

ತೋಟದಲ್ಲಿ ವಿಶೇಷ ತಳಿ ಇದ್ರೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಕೆಳಗೆ ರೈತರ ಹೆಸರಲ್ಲೇ ನೋಂದಣಿ ಆಗ್ತದೆ, ಮರಗಳಿಗೆ 18 ವರ್ಷದ ರಕ್ಷಣೆ. ತುಮಕೂರಿನ ಸಿದ್ದು ಹಲಸು ಕಣ್ಣೆದುರಿಗೇ ಇದೆ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಜೊತೆ ಒಪ್ಪಂದ ಆಗಿ ಗಿಡ ಮಾರಿದ್ದರಲ್ಲಿ ರೈತರಿಗೇ ಪಾಲು ಹೋಯ್ತು. ನಮ್ಮಲ್ಲಿ ಅಪ್ಪೆಮಿಡಿಯ ಒಳ್ಳೊಳ್ಳೆ ಮರಗಳ ಕಸಿಕಡ್ಡಿ ಸುಮ್ನೆ ಹಂಚಿ ಹೋಗ್ತಾ ಇದೆ, ಅದು ನೋಡಿದ್ರೆ ನಂಗೆ ಸಂಕಟ ಆಗ್ತದೆ. ನೆಂಟ್ರಿಗೆ ಕೊಡಿ, ಬೇಡ ಅನ್ನಲ್ಲ, ಮರದ ದಾಖಲೆ ಮಾತ್ರ ಮೊದ್ಲು ಮಾಡಿಡಿ.

ಯಕ್ಷಗಾನ, ತಾಳಮದ್ದಲೆ, ಫೋಟೊ

ಕಾಪಿರೈಟಿಗೆ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಬರ್ದ ಕ್ಷಣ, ಫೋಟೊ ಕ್ಲಿಕ್ ಆದ ಕ್ಷಣ ಹುಟ್ಟಿಬಿಡ್ತದೆ, ಬರ್ದವ್ರ ಜೀವಿತಾವಧಿ ಪ್ಲಸ್ 60 ವರ್ಷ ಇರ್ತದೆ. ಬೇಕಂದ್ರೆ ನೋಂದಣಿ ಉಂಟು, ಬರಹ ಅಥವಾ ಚಿತ್ರಕ್ಕೆ 500 ರೂಪಾಯಿ, ಲೇಬಲ್ಲಿನಂಥ ಸರಕಿನ ಮೇಲಿನ ಚಿತ್ರಕ್ಕೆ 2000. ಜಗಳ ಬರೋ ಸಾಧ್ಯತೆ ಇರೋದಕ್ಕೆ ಮಾತ್ರ ಮಾಡಿಸಿ.

ಯಕ್ಷಗಾನದ ವಿಡಿಯೊದಲ್ಲಿ ಒಂದರ ಮೇಲೊಂದು ನಾಕು ಹಕ್ಕು ಕೂತಿರ್ತವೆ, ಇದು ಗೊತ್ತಾದ್ರೆ ಚಾನೆಲ್ ನಡ್ಸೋರಿಗೆ ಅರ್ಧ ತಲೆಬಿಸಿ ಕಡಿಮೆ. ಕಥೆ ಪುರಾಣದ್ದು, ಅದು ಎಲ್ಲರದ್ದು. ಶತಮಾನದ ಹಿಂದಿನ ಕವಿಗಳ ಹಳೇ ಪ್ರಸಂಗ ಸಾಮಾನ್ಯವಾಗಿ ಮುಕ್ತ, ಆದ್ರೆ ಈಗಿನ ಕವಿಗಳು ಬರ್ದ ಪ್ರಸಂಗದ ಪದ್ಯ ಅವ್ರದ್ದು, ಅವ್ರನ್ನ ಕೇಳ್ಬೇಕು. ರೆಕಾರ್ಡಿಂಗು, ಅದನ್ನ ಮಾಡಿಸಿದವ್ರದ್ದು. ನಾಕನೇದು ಕಲಾವಿದ್ರದ್ದು, ಭಾಗವತರು ಮದ್ದಳೆಯವ್ರು ವೇಷಧಾರಿಗಳು ಎಲ್ರಿಗೂ ಪ್ರದರ್ಶಕರ ಹಕ್ಕು ಅಂತ 50 ವರ್ಷದ್ದು ಇದೆ, ಅವ್ರ ಒಪ್ಪಿಗೆ ಇಲ್ದೇ ಲೈವ್ ಮಾಡೋದು, ರೆಕಾರ್ಡ್ ಮಾಡಿ ಹಾಕೋದು ತಪ್ಪು. ಟಿಕೆಟ್ ತಗೊಂಡು ಬಂದಿದೀನಿ ಅನ್ನೋದು ಉತ್ತರ ಆಗಲ್ಲ. ನನ್ನ ತಮ್ಮ ತಾಳಮದ್ದಲೆ ಚಾನೆಲ್ ನಡ್ಸ್ತಾನೆ, ಅವ್ನು ಈಗ ಕಾರ್ಯಕ್ರಮ ಶುರು ಆಗೋ ಮುಂಚೆಯೇ ಒಂದು ಹಾಳೆಗೆ ಎಲ್ಲರ ಸಹಿ ತಗೋತಾನೆ: ಯಾವ ದಿನದ್ದು, ಯಾವ ಚಾನೆಲ್ಲಿಗೆ, ಜಾಹೀರಾತಿನ ದುಡ್ಡು ಬಂದ್ರೆ ಯಾರಿಗೆಷ್ಟು, ತುಣುಕು ಬೇರೆಯವ್ರಿಗೆ ಮಾರ್ಬಹುದಾ. ಶುರುವಲ್ಲಿ ಹಿರಿ ಕಲಾವಿದ್ರಿಗೆ ಮುಜುಗರ ಆಯ್ತಂತೆ, ಪಾಲಿನ ಲೆಕ್ಕ ಬಂದ್ಮೇಲೆ ಅವ್ರೇ ಹಾಳೆ ಕೇಳ್ತಾರೆ.

ಇನ್ನೊಬ್ಬರ ಚಾನೆಲ್ಲಿಗೆ ಕೊಡೋದಾದ್ರೆ ಮಾರಿಬಿಡೋದಕ್ಕಿಂತ ಲೈಸೆನ್ಸ್ ಕೊಡಿ, ಎರಡು ವರ್ಷಕ್ಕೆ, ಇಂಥಾ ಕಡೆ ಮಾತ್ರ ಅಂತ. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಬಂದ್ಮೇಲೆ, ಒಪ್ಪಂದ ಮಾಡೋ ಹೊತ್ತಿಗೆ ಇಲ್ದೇ ಇದ್ದ ಹೊಸ ಮಾಧ್ಯಮದ ಹಕ್ಕು ಸ್ಪಷ್ಟವಾಗಿ ಬರ್ದಿದ್ರೆ ಮಾತ್ರ ಹೋಗ್ತದೆ. "ಮುಂದೆ ಬರೋ ಎಲ್ಲ ಮಾಧ್ಯಮ" ಅನ್ನೋ ಸಾಲು ಕಂಡ್ರೆ ಅಲ್ಲೇ ಪೆನ್ನು ನಿಲ್ಲಿಸಿ, ಅದಕ್ಕೆ ಬೇರೆ ಬೆಲೆ ಕೇಳಿ. ಧ್ವನಿಯನ್ನ ಎಐಗೆ ಹಾಕಿ ನಕಲು ಹಾಡಿಸಬಾರ್ದು ಅಂತ ಒಂದು ಸಾಲು ಸೇರಿಸಿ, ಗಾಯಕ ಅರಿಜಿತ್ ಸಿಂಗ್ ಧ್ವನಿ ನಕಲಿನ ವಿರುದ್ಧ 2024ರಲ್ಲಿ ಬಾಂಬೆ ಹೈಕೋರ್ಟ್ ಆದೇಶ ಕೊಟ್ಟಿದೆ, ನಮ್ಮ ಭಾಗವತರ ಕಂಠ ಏನು ಕಡಿಮೆ ಅಲ್ಲ.

ಮಷೀನು ಕಟ್ಟೋರು ಇದನ್ನ ಮಾತ್ರ ಮರೀಬೇಡಿ

ಅಡಕೆ ಸುಲಿಯೋಕೆ, ಕೊನೆ ಕೊಯ್ಯೋ ದೋಟಿಗೆ, ಔಷಧಿ ಹೊಡೆಯೋಕೆ ಹೊಸದೊಂದು ಸಾಧನ ಮಾಡಿದ ಖುಷಿಗೆ ಅದೇ ದಿನ ವಿಡಿಯೊ ಹಾಕ್ತಾರೆ, ಕೆಲಸ ಮಾಡೋ ರೀತಿ ಅದರಲ್ಲಿ ಕಾಣ್ತು ಅಂದ್ರೆ ಪೇಟೆಂಟ್ (ಹೊಸ ಆವಿಷ್ಕಾರಕ್ಕೆ ಸಿಗೋ ಹಕ್ಕು) ಅಲ್ಲೇ ಮುಗೀತು. ಪೇಟೆಂಟು ಡಿಸೈನು ಎರಡಕ್ಕೂ ಅದು ಹೊಸದಾಗಿರ್ಬೇಕು, ನೀವೇ ಹಾಕಿದ ವಿಡಿಯೊ ಕೂಡ ಅದನ್ನ ಹಳೇದು ಮಾಡ್ತದೆ. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿ 1600 ರೂಪಾಯಿ, ಮೊದ್ಲು ತಾತ್ಕಾಲಿಕ ವಿವರಣೆ ಹಾಕಿ ದಿನಾಂಕ ಹಿಡ್ಕೊಂಡ್ರೆ ಪೂರ್ತಿ ವಿವರಣೆಗೆ 12 ತಿಂಗಳು ಟೈಮ್ ಸಿಗ್ತದೆ. ವಕೀಲರ ಖರ್ಚು ಬೇರೆ, ಅದು ಹೆಚ್ಚೇ ಆಗ್ತದೆ, ಹಂಗಾಗಿ ಮಾರುಕಟ್ಟೆ ಇದೆಯಾ ಅಂತ ನೋಡಿ ಮುಂದುವರೀರಿ. ಆಕಾರ ಅಂದ ಮಾತ್ರ ಹೊಸದು ಅಂದ್ರೆ ಡಿಸೈನ್ ನೋಂದಣಿ 1000 ರೂಪಾಯಿ, 10 ವರ್ಷ, ಮತ್ತೆ 5 ವರ್ಷ ಬೆಳೆಸ್ಬಹುದು.

ಮಸಾಲೆ ಅಳತೆಗೆ ಇದ್ಯಾವುದೂ ಬೇಡ, ಗುಟ್ಟೇ ಅದರ ರಕ್ಷಣೆ. ಹುರಿಯೋದು ಒಬ್ರು, ಬೆರೆಸೋದು ಇನ್ನೊಬ್ರು, ಪೂರ್ತಿ ಅಳತೆ ಮನೆಯವ್ರಿಗೆ ಮಾತ್ರ. ಕೆಲಸಕ್ಕೆ ಬರೋರ ಹತ್ರ ಗುಟ್ಟು ಹೊರಗೆ ಹೇಳಲ್ಲ ಅಂತ ಒಂದು ಸಹಿ ಇರ್ಲಿ. ರೀಲ್ಸ್ ಮಾಡುವಾಗ ಡಬ್ಬಿ ಮೇಲಿನ ಚೀಟಿ ಕ್ಯಾಮೆರಾಗೆ ಬೀಳದ ಹಾಗೆ ನೋಡ್ಕೊಳ್ಳಿ.

ಕದ್ದಿದ್ದು ಕಂಡಾಗ

ಮೊದ್ಲು ಜಗಳ ಬೇಡ, ಸಾಕ್ಷಿ ಹಿಡೀರಿ. ಲಿಂಕು ಮತ್ತೆ ತಾರೀಕು ಕಾಣೋ ಹಾಗೆ ಸ್ಕ್ರೀನ್‌ಶಾಟ್, ಸ್ಕ್ರೀನ್ ರೆಕಾರ್ಡಿಂಗ್, ಒಂದು ಬಾಟ್ಲಿ ಬಿಲ್ ಸಮೇತ ಕೊಂಡು ತೆಗೆದಿಡಿ. ನೀವು ಫೋನ್ ಮಾಡಿದ ಮರುಗಳಿಗೆ ಅವ್ರು ಡಿಲೀಟ್ ಮಾಡ್ತಾರೆ, ಆಮೇಲೆ ಕೈಲಿ ಏನೂ ಉಳಿಯಲ್ಲ. ಆಮೇಲೆ ಮರ್ಯಾದೆಯಿಂದ ಒಂದು ಮೆಸೇಜು, ಏಳು ದಿನ ಟೈಮು. ಗೊತ್ತಿಲ್ದೇ ಮಾಡಿದವ್ರು ಇದಕ್ಕೇ ತೆಗೀತಾರೆ.

ತೆಗೀಲಿಲ್ಲ ಅಂದ್ರೆ ಯೂಟ್ಯೂಬು, ಮೆಟಾ, ಅಮೆಜಾನ್, ಫ್ಲಿಪ್‌ಕಾರ್ಟ್ ಎಲ್ಲ ಕಡೆ ದೂರಿನ ಫಾರಂ ಇದೆ. ಫೋಟೊ ವಿಡಿಯೊಗೆ ಕಾಪಿರೈಟ್ ಫಾರಂ, ಹೆಸರಿಗೆ ಟ್ರೇಡ್‌ಮಾರ್ಕ್ ಫಾರಂ, ತಪ್ಪು ಫಾರಂ ತುಂಬಿದ್ರೆ ವಾಪಸ್ ಬರ್ತದೆ. ಯೂಟ್ಯೂಬಲ್ಲಿ ಒಂದು ಸ್ಟ್ರೈಕ್, ಅಂದ್ರೆ ಕಾಪಿರೈಟ್ ತಪ್ಪಿನ ಎಚ್ಚರಿಕೆ, 90 ದಿನ ಇರ್ತದೆ, ಅಷ್ಟರಲ್ಲಿ ಮೂರಾದ್ರೆ ಚಾನೆಲ್ಲೇ ಹೋಗ್ಬಹುದು, ಅದಕ್ಕೆ ದೂರು ಕೊಡೋ ಮುಂಚೆ ಅದು ಖಂಡಿತ ನಿಮ್ದೇ ಅಂತ ಖಾತ್ರಿ ಮಾಡ್ಕೊಳ್ಳಿ, ನಿಮ್ಮ ಮೇಲೇ ಕ್ಲೇಮ್ ಬಂದ್ರೆ ಸಹಿ ಹಾಳೆ ತೋರ್ಸಿ ಡಿಸ್ಪ್ಯೂಟ್ ಹಾಕಿ. ನಮ್ಮ ಕಾಪಿರೈಟ್ ನಿಯಮಗಳು 2013ರಲ್ಲೂ ದಾರಿ ಇದೆ, ಲಿಖಿತ ದೂರು ಹೋದ 36 ಗಂಟೇಲಿ ಆ ಸೈಟಿನವ್ರು ಲಿಂಕ್ ನಿಲ್ಲಿಸ್ಬೇಕು, ಆದ್ರೆ 21 ದಿನದೊಳಗೆ ನೀವು ಕೋರ್ಟ್ ಆದೇಶ ತರ್ದೇ ಇದ್ರೆ ವಾಪಸ್ ಹಾಕ್ಬಹುದು. ಕೋರ್ಟಿಗೆ ಹೋಗೋ ಪ್ರಸಂಗ ಬಂದ್ರೆ ಕದ್ದವ್ರು ಎಲ್ಲೇ ಇರ್ಲಿ, ನೀವು ವಾಸ ಇರೋ ಜಾಗದ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹಾಕಕ್ಕೆ ಕಾನೂನು ಅವಕಾಶ ಕೊಟ್ಟಿದೆ. ವಕೀಲರನ್ನ ಕೇಳ್ದೇ ಮಾತ್ರ "ಕೇಸ್ ಹಾಕ್ತೀನಿ" ಅಂತ ಬೆದರಿಕೆ ಹಾಕ್ಬೇಡಿ, ಆಧಾರ ಇಲ್ದ ಬೆದರಿಕೆಗೆ ಅವ್ರೇ ನಿಮ್ಮ ಮೇಲೆ ದಾವೆ ಹಾಕ್ಬಹುದು.

ನಮ್ಮ ವಿಷ್ಯದಲ್ಲಿ ಏನಾಯ್ತು ಅಂದ್ರೆ, ಫೋಟೊದ ಒರಿಜಿನಲ್ ನಮ್ಮನೆಯವ್ರ ಹಳೇ ಲ್ಯಾಪ್‌ಟಾಪಲ್ಲಿ ಒಂದು ಕಾಪಿ ಸಿಕ್ತು, ಅದನ್ನ ತೋರ್ಸಿದ್ಮೇಲೆ ಅಂಗಡಿಯವ್ರು ಲೇಬಲ್ ಬದಲಾಯಿಸಿದ್ರು. ಅದೊಂದು ಕಾಪಿ ಇಲ್ದಿದ್ರೆ ಏನು ಮಾಡ್ತಿದ್ವೋ.

ಮುಂದೆ ಯಾರಿಗೆ

ನಮ್ಮ ನಂತ್ರ ಈ ಹಕ್ಕೆಲ್ಲ ಯಾರಿಗೆ ಅನ್ನೋದನ್ನ ಯಾರೂ ಮಾತಾಡಲ್ಲ. ಶಿವರಾಮ ಕಾರಂತರು 1994ರಲ್ಲಿ ಉಯಿಲು ಬರ್ದು ತಮ್ಮ ಕೃತಿಗಳ ಹಕ್ಕು ಯಾರಿಗೆ ಅಂತ ಹೇಳಿದ್ರು. 2001ರಲ್ಲಿ ದೆಹಲೀಲಿ ಅವ್ರ ಯಕ್ಷಗಾನ ಬ್ಯಾಲೆಯ ಪ್ರದರ್ಶನ ಅನುಮತಿ ಇಲ್ದೇ ಆಯ್ತು ಅಂತ ಶುರುವಾದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಪು ಬಂತು, ಉಯಿಲಿನ ಮೂಲಕ ಬಂದ ಹಕ್ಕನ್ನ ಕೋರ್ಟ್ ಎತ್ತಿ ಹಿಡೀತು, ಕಾನೂನಲ್ಲಿರೋ ನ್ಯಾಯಯುತ ಬಳಕೆಯ ವಿನಾಯ್ತಿ ಮಾತ್ರ ಹಾಗೇ ಉಳಿಸ್ತು. ಅಷ್ಟು ದೊಡ್ಡೋರ ಕೃತಿಗೇ ಆ ಹಾಳೆ ಬೇಕಾಯ್ತು. ಹಿರಿ ಭಾಗವತರು, ಪ್ರಸಂಗ ಕವಿಗಳು ಮನೇಲಿದ್ರೆ ಅವ್ರ ಕೈಲಿ ಈಗ್ಲೇ ಬರೆಸಿಡಿ, ಜೊತೆಗೆ ಚಾನೆಲ್ಲಿನ ಪಾಸ್‌ವರ್ಡ್ ಎಲ್ಲಿದೆ ಅಂತಾನೂ.

ಅತ್ತೆ ಹತ್ರ ಈ ಮಾತು ಎತ್ತಿದಾಗ ಎರಡು ದಿನ ಸುಮ್ನಿದ್ರು. ಮೂರನೇ ದಿನ ನೋಟ್‌ಬುಕ್ ಇಸ್ಕೊಂಡು, ಉಪ್ಪಿನಕಾಯಿ ಮಸಾಲೆ ಅಳತೆ ಪೂರ್ತಿ ತಮ್ಮ ಕೈಯಾರೆ ಬರ್ದು, ಕೆಳಗೆ ನನ್ನ ಹೆಸರು ಮತ್ತೆ ಮೊಮ್ಮಗಳ ಹೆಸರು ಹಾಕಿ ಸಹಿ ಮಾಡಿದ್ರು. ಆ ಹಾಳೆ ಈಗ ಟ್ರೇಡ್‌ಮಾರ್ಕ್ ಸರ್ಟಿಫಿಕೇಟಿನ ಜೊತೆ ಕಪಾಟಲ್ಲಿದೆ, ಅದರ ಫೋಟೊ ಯಾವ ಫೋನಲ್ಲೂ ಇಲ್ಲ.